ಅಳಿಸಿದ ತಲೆಬರಹ

ಸತ್ತವನು ಮತ್ತೆ ಬಂದಿದ್ದ. ಸಾಲು ಹನ್ನೊಂದು ಸಾವಿರದ ಆರು: ತೋಮಾ ಮಾತಾಯಾ. ನಿನ್ನೆ ತಾನೇ ಯೆಲ್ಕಾ ಕೈಯಾರೆ ಅಳಿಸಿದ್ದ ಹೆಸರು. ಮೊನ್ನೆಯೂ ಅಳಿಸಿದ್ದಳು.

ಯುದ್ಧ ಮುಗಿದು ಮೂವತ್ತು ವರ್ಷ. ಉನಾ ನದಿಯ ಈಚೆ ದಡದ ಕಚೇರಿ, ಆಚೆ ದಡದ ಕಚೇರಿ ಕಾಣೆಯಾದವರ ಪಟ್ಟಿಯನ್ನು ಬೇರೆ ಬೇರೆ ಇಟ್ಟಿದ್ದವು. ಎರಡನ್ನೂ ತನ್ನ ಮೇಜಿನ ಕಂಪ್ಯೂಟರಿನ ಒಂದೇ ಡೇಟಾಬೇಸಿಗೆ ಸುರಿದು ಶುಚಿ ಮಾಡುವುದು ಯೆಲ್ಕಾಳ ಕೆಲಸ. ಇವತ್ತು ಶುಕ್ರವಾರ. ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಕಲ್ಲುಕುಟಿಗನ ಕೈಸೇರಬೇಕು. ಸೇತುವೆಯ ಸ್ಮಾರಕ ಗೋಡೆಯ ಮೇಲೆ ಹೆಸರು ಕೆತ್ತಿದ ಮೇಲೆ ಕಾಣೆಯಾದವನು ಸತ್ತವನೇ.

ಅವಳು ಕಸ ತೆಗೆದದ್ದೇ ತೆಗೆದದ್ದು: ಬೇಡದ ಖಾಲಿ ಜಾಗ, ಹಿಂದುಮುಂದಾದ ತಾರೀಖು, ಎರಡೆರಡು ಸಲ ಬಂದ ಹೆಸರು. ಆಚೆ ದಡದ ಕಡತದಲ್ಲಿ ಕಾಲಂಗಳ ತಲೆಬರಹದ ಸಾಲು ತನ್ನದಕ್ಕೆ ಹೊಂದಲಿಲ್ಲ, ಅದನ್ನೂ ಕಿತ್ತೆಸೆದಳು. ಮೊದಲ ಕಾಲಂನಲ್ಲಿ ಹೆಸರಿದೆ, ಅಷ್ಟು ಸಾಕು.

ಬಾಗಿಲ ಬಳಿಯ ಬೆಂಚಿನಲ್ಲಿ ಕಾಟಾ ಅಜ್ಜಿ ಕೂತಿದ್ದಳು. ಹೆಸರಿಗೆ ತಕ್ಕ ಕಾಟ. ವಾರದಿಂದ ದಿನಾ ಹತ್ತು ಗಂಟೆಗೆ ಹಾಜರು.

“ನನ್ನ ಮಗ ತೋಮಾನ ಹೆಸರು ಕಲ್ಲಿಗೆ ಕೊಡಬೇಡ ಕಣೇ.”

“ನೀವೇ ಅಲ್ವಾ ಅಜ್ಜಿ ಪಟ್ಟೀಲಿ ಬರೆಸಿದ್ದು?”

“ಹುಡುಕಿಕೊಡಿ ಅಂತ ಬರೆಸಿದೆ. ಹೂತುಬಿಡಿ ಅಂತ ಬರೆಸಿದ್ನಾ? ಇವತ್ತಿಗೂ ಚರ್ಚಲ್ಲಿ ಅವನ ಮೇಣದಬತ್ತಿ ಮೇಲಿನ ತಟ್ಟೇಲೇ ಹಚ್ಚೋದು ನಾನು.”

ಮೇಲಿನ ತಟ್ಟೆ ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ಊರಿನವರು ಅವಳ ಬೆನ್ನ ಹಿಂದೆ ‘ಪಾಪ, ಮರುಳು’ ಎನ್ನುತ್ತಿದ್ದರು. ಯೆಲ್ಕಾ ಹಾಗೆ ಅನ್ನಲಾರಳು. ಆದರೇನು, ಬದುಕಿದ್ದಾನೆಂದು ಕಾಗದ ತೋರಿಸದೆ ಯಾರ ಹೆಸರನ್ನೂ ಬಿಡುವಂತಿರಲಿಲ್ಲ.

ಈಚೆ ದಡದ ತೋಮಾ ಒಂದು ಸಾಲಿನಲ್ಲಿದ್ದ, ಸರಿ. ಆಚೆ ದಡದಿಂದ ಬಂದ ಈ ಇನ್ನೊಬ್ಬ ತೋಮಾ ಯಾಕೆ ತೊಲಗುತ್ತಿಲ್ಲ?

“ವುಕಾನ್, ಈ ಸತ್ತವನು ನನಗೇನೋ ಹೇಳಬೇಕು ಅಂತಿದ್ದಾನೆ,” ಎಂದಳು ಪಕ್ಕದ ಮೇಜಿನವನಿಗೆ.

“ದಿನಾ ಬೆಳಿಗ್ಗೆ ಮೂಲ ಕಡತಾನ ಮತ್ತೆ ಸುರೀತೀಯಲ್ಲ ತಾಯಿ, ಅವನೂ ಅದರ ಜೊತೆ ಬರ್ತಾನೆ. ದೆವ್ವಕ್ಕೆ ಬೇರೆ ಕೆಲಸ ಇಲ್ವಾ?”

“ಮತ್ತೆ ಇಬ್ಬರೂ ಒಂದೇ ಅಂತ ಯಂತ್ರ ಯಾಕೆ ಒಪ್ತಾ ಇಲ್ಲ?”

ವುಕಾನ್ ನಗು ನಿಲ್ಲಿಸಿದ. “ದೊಡ್ಡಕ್ಷರ ತೆಗೆದು ಚಿಕ್ಕಕ್ಷರ ಮಾಡಿ ನೋಡು.”

ಮಾಡಿದಳು. ಒಬ್ಬ ತೋಮಾ ಮುಖ ಬದಲಿಸಿದ. ಈಚೆಯವರು ಬರೆಯುವುದು ಸಿರಿಲಿಕ್ ಲಿಪಿಯಲ್ಲಿ, ಆಚೆಯವರು ಲ್ಯಾಟಿನ್‌ನಲ್ಲಿ. ಈ ಹೆಸರಿನ ದೊಡ್ಡಕ್ಷರಗಳೆಲ್ಲ ಎರಡು ಲಿಪಿಯಲ್ಲೂ ನೋಡಲು ಒಂದೇ. ಕಣ್ಣಿಗೆ ಒಬ್ಬ, ಯಂತ್ರಕ್ಕೆ ಇಬ್ಬರು.

ಆದರೂ ಒಂದು ಪ್ರಶ್ನೆ ಉಳಿಯಿತು. ಆಚೆ ದಡದಲ್ಲಿ ಅಜ್ಜಿಯ ಕಡೆಯ ಒಂದು ನರಪಿಳ್ಳೆಯೂ ಇರಲಿಲ್ಲ. ತೋಮಾ ಕಾಣೆಯಾಗಿದ್ದಾನೆಂದು ಅಲ್ಲಿ ಅರ್ಜಿ ಕೊಟ್ಟವರು ಯಾರು? ಅದೂ ಹೋದ ತಿಂಗಳಷ್ಟೇ ನವೀಕರಿಸಿದ ಅರ್ಜಿ.

ಗಂಟೆ ಹನ್ನೊಂದೂಮುಕ್ಕಾಲು. ಯೆಲ್ಕಾ ಆಚೆ ದಡದ ಮೂಲ ಕಡತವನ್ನು ತೆರೆದಳು. ತಾನು ಕಿತ್ತೆಸೆದಿದ್ದ ತಲೆಬರಹ ಅಲ್ಲಿ ಹಾಗೆಯೇ ಇತ್ತು. ಓದಿದಳು. ಮತ್ತೆ ಓದಿದಳು.

“ಅಜ್ಜಿ,” ಎಂದಳು. ಪರದೆಯನ್ನು ಬೆಂಚಿನ ಕಡೆ ತಿರುಗಿಸಿದಳು. “ಸ್ವಲ್ಪ ಇಲ್ಲಿ ಬನ್ನಿ.”

ಮೊದಲ ಕಾಲಂ, ಹುಡುಕುತ್ತಿರುವವರು: ತೋಮಾ ಮಾತಾಯಾ. ಎರಡನೆಯದು, ಕಾಣೆಯಾದವರು: ತಾಯಿ, ಕಾಟಾ ಮಾತಾಯಾ.