ಭರಣಿಯ ತಳದ ಕೆಂಪು ಗೆರೆ

ಉಪ್ಪಿನಕಾಯಿ ಭರಣಿಯನ್ನು ತೊಳೆದು ಕವುಚಿ ಹಾಕಿದಾಗಲೆಲ್ಲ ಅದರ ತಳದಲ್ಲಿರುವ ಕೆಂಪು ಗೆರೆ ನನ್ನನ್ನು ನಮ್ಮೂರು ಬಾಯಾರಿನ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಮನೆಯ ಬಾವಿಯನ್ನು ಆಳ ಮಾಡಿಸುವಾಗ ನನಗೊಂದು ಕಪ್ಪು ಕಲ್ಲು ಸಿಕ್ಕಿತ್ತು. ನನ್ನ ಮುಷ್ಟಿಯಷ್ಟೇ ಇದ್ದರೂ ಬಲು ಭಾರ. ಒಂದು ಬದಿ ಮಿರಮಿರ ಮಿಂಚುತ್ತಿತ್ತು.

"ಇದು ರತ್ನವಾ ಅಜ್ಜಿ?" ಎಂದು ಕೇಳಿದೆ.

ಅಜ್ಜಿಯ ಅಪ್ಪ ಚಿನ್ನದ ಕೆಲಸದವರು. ಮಾವಿನಮಿಡಿ ತುಂಬಲೆಂದು ಒಣಗಿಸಿದ್ದ ಬಿಳಿ ಭರಣಿಯನ್ನು ಅಜ್ಜಿ ಕವುಚಿ, ಅದರ ದೊರಗು ತಳಕ್ಕೆ ಕಲ್ಲನ್ನು ಉಜ್ಜಿದರು. ಕಪ್ಪು ಕಲ್ಲು ಕೆಂಪು ಗೆರೆ ಎಳೆಯಿತು.

"ಇದು ಅದಿರು ಮಗಾ. ಒಳಗೆ ಕಬ್ಬಿಣ ಉಂಟು, ಬೆಂಕಿಗೆ ಹಾಕಿ ಕರಗಿಸದೆ ಹೊರಗೆ ಬರುವುದಿಲ್ಲ. ರತ್ನ ಹಾಗಲ್ಲ, ಕಲ್ಲಿಗೇ ಬೆಲೆ. ಒಳ್ಳೆ ಮಾಣಿಕ್ಯ ಆದರೆ ಈ ಭರಣಿಯನ್ನೇ ಗೀರಿಬಿಡ್ತದೆ."

ಪಕ್ಕದಲ್ಲಿ ಕುಳಿತಿದ್ದ ಅತ್ತೆಯ ಬೆರಳಿನಲ್ಲಿ ಕೆಂಪು ಕಲ್ಲಿನ ಉಂಗುರವಿತ್ತು. ಮದುವೆಯಾದ ತಿಂಗಳಿಗೇ ದುಬೈಗೆ ಹೋದ ಮಾವ, ಎರಡು ವರ್ಷದ ಮೇಲೆ ಮಾಣಿಕ್ಯವೆಂದು ಹೇಳಿ ಕಳುಹಿಸಿದ್ದು.

"ಅದನ್ನೂ ಉಜ್ಜಿ ನೋಡುವ ಅತ್ತೆ," ಎಂದೆ.

ಅತ್ತೆ ನಗುತ್ತಾ ತೆಗೆದುಕೊಟ್ಟರು. ಅಜ್ಜಿ ಒಂದು ಸಲ ಉಜ್ಜಿ, ಕಲ್ಲನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮಾಣಿಕ್ಯವೇ. ಹಾಕಿಕೋ ಮಗಾ."

ಅತ್ತೆ ಒಳಗೆ ಹೋದ ಮೇಲೆ ನಾನು ಭರಣಿಯ ತಳವನ್ನು ಉಗುರಿನಿಂದ ಸವರಿ ಸವರಿ ನೋಡಿದೆ. ಕೆಂಪು ಗೆರೆಯ ಪಕ್ಕ ಏನೂ ಸಿಗಲಿಲ್ಲ.

"ಗೀರು ಎಲ್ಲಿ ಉಂಟು ಅಜ್ಜಿ?"

ಅಜ್ಜಿ ಭರಣಿಯನ್ನು ನೆಟ್ಟಗೆ ನಿಲ್ಲಿಸಿ, ಮಿಡಿ ತುಂಬತೊಡಗಿದರು.