ಮೊದಲ ಹೋಮ್ ರನ್ನಿನ ಮೌನ

ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಚೆಂಡನ್ನು ಬೇಲಿಯಾಚೆ ಹಾರಿಸಿ ತನ್ನ ಮೊದಲ ಹೋಮ್ ರನ್ ಹೊಡೆದ ಎಲಾಡಿಯೊ ಪೆಗೇರೊ ಆಟಗಾರರು ಕೂರುವ ಡಗೌಟಿನ ಮೆಟ್ಟಿಲಿಳಿದು ಎರಡೂ ಕೈ ಮೇಲೆತ್ತಿದ. ತಂಡದ ಒಬ್ಬನೂ ಆ ಕೈ ತಟ್ಟಲಿಲ್ಲ, ಅವನತ್ತ ನೋಡಲೂ ಇಲ್ಲ. ಒಬ್ಬ ಬೂಟಿನ ದಾರ ಬಿಗಿಯುತ್ತಿದ್ದ, ಇನ್ನೊಬ್ಬ ಸೂರ್ಯಕಾಂತಿ ಬೀಜ ಜಗಿದು ಉಗುಳುತ್ತಿದ್ದ. ಹೊರಗೆ ಸಾವಿರಾರು ಜನ ಅವನ ಹೆಸರು ಕೂಗುತ್ತಿದ್ದರು.

ಇದು ತಂಡದ ಮಾಲೀಕರ ಕೆಲಸವೇ ಎಂದುಕೊಂಡ ಎಲಾಡಿಯೊ. ಒಂಬತ್ತು ವರ್ಷ ಕೆಳಗಿನ ಲೀಗುಗಳಲ್ಲಿ ಬಸ್ಸಿನಲ್ಲೇ ಮಲಗಿ, ತಣ್ಣನೆಯ ಬ್ರೆಡ್ಡು ತಿಂದು ಆಡಿದವನು ಅವನು. ಕಳೆದ ವರ್ಷ ಅಲ್ಲಿನ ಹುಡುಗರನ್ನೆಲ್ಲ ಕೂಡಿಸಿ, ಬಿಸಿ ಊಟ ಕೊಡಿ, ಹಾಸಿಗೆ ಕೊಡಿ ಎಂಬ ಮನವಿಗೆ ಸಹಿ ಹಾಕಿಸಿದ್ದ. ಆ ಸಿಟ್ಟಿಗೆ ಈಗ ಇವರೆಲ್ಲರ ಬಾಯಿ ಕಟ್ಟಿಸಿದ್ದಾರೆ.

ಎತ್ತಿದ ಕೈ ಇಳಿಸದೆ ಅವನು ಮುಷ್ಟಿ ಬಿಗಿದ.

"ಮಾತಾಡಬೇಡ್ರೋ! ಹೋಗಿ ನಿಮ್ಮ ಮಾಲೀಕರಿಗೆ ಹೇಳಿ, ಆ ಮನವಿ ಬರೆದೋನು ನಾನೇ, ನಾಳೆನೂ ಬರೀತೀನಿ. ದುಡಿಯೋನು ಹೊಟ್ಟೆಗೆ ಕೇಳಿದ್ರೆ ತಪ್ಪೇನ್ರೋ?"

ಬೀಜ ನೆತ್ತಿಗೇರಿ ಒಬ್ಬ ಕೆಮ್ಮಿದ. ಮರುಕ್ಷಣ ಇಡೀ ಡಗೌಟು ಹೋ ಎಂದು ನಗುತ್ತ ಅವನ ಮೇಲೆ ಬಿತ್ತು. ಬೆನ್ನಿಗೆ ಗುದ್ದಿದರು, ತಲೆ ಮೇಲೆ ನೀರು ಸುರಿದರು. ನಾಯಕ ಬ್ರಾನಿಗನ್ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಲೋ ಹುಚ್ಚಪ್ಪ, ಮೊದಲ ಹೋಮ್ ರನ್ ಹೊಡೆದೋರನ್ನ ಇಲ್ಲಿ ಹೀಗೇ ಸ್ವಲ್ಪ ಹೊತ್ತು ಮಾತಾಡಿಸ್ದೆ ಗೋಳು ಹೊಯ್ಕೊಳ್ಳೋದು! ನನ್ನ ಸರದೀಲಿ ನಾನು ಅತ್ತೇಬಿಟ್ಟಿದ್ದೆ. ನೀನು ಜಗಳಕ್ಕೇ ನಿಂತ್ಯಲ್ಲೋ! ಆಟಗಾರರ ಸಂಘದಲ್ಲಿ ನಮ್ಮ ಪರವಾಗಿ ಮಾಲೀಕರ ಎದುರು ಕೂರೋಕೆ ಒಬ್ಬ ಬೇಕಾಗಿದ್ದ. ಇವತ್ತಿಂದ ಆ ಕುರ್ಚಿ ನಿಂದು."