ಬೆರಳುದ್ದದ ಧಮಕಿ

ಮಡಗಾಸ್ಕರಿನ ಆ ಗುಡ್ಡದಲ್ಲಿ ಕಡಿದು ಒಣಗಿಸಿದ ಕಾಡಿಗೆ ಬೆಂಕಿ ಇಡಲು ಬಗ್ಗಿದ ಜಾವೆಲೊ ಪಂಜನ್ನು ಹಾಗೇ ಮೇಲಕ್ಕೆತ್ತಿದ. ತೊರೆಯಂಚಿನ ತರಗೆಲೆಯ ಮೇಲೆ ಬೆರಳುದ್ದದ ಕಂದು ಗೋಸುಂಬೆ ಕುಳಿತಿತ್ತು.

“ಏನ್ ನಿಂತ್ಬಿಟ್ಯೋ, ಮದುವೆ ಗಂಡಿನ ಥರ?” ಹೆಂಡತಿ ಫೆನೊ ಕೂಗಿದಳು. “ಮೋಡ ನೋಡು! ಈ ಕಾಡು ನೆಂದು ಉರೀದಿದ್ರೆ ಬಿತ್ತೋಕೆ ಜಾಗ ಇಲ್ಲ, ಈ ವರ್ಷ ಭತ್ತ ಇಲ್ಲ, ನಿನ್ ತಲೇನೇ ಬೇಯ್ಸಿ ತಿನ್ಬೇಕು.”

“ಗೋಸುಂಬೆ ಕಣೇ.”

“ಅಯ್ಯೋ, ಕೈಲಿ ಮುಟ್ಬೇಡ! ಸತ್ತ ಹಿರೀಕ್ರು ಸುಮ್ನೆ ಬಿಡಲ್ಲ. ಕಡ್ಡೀಲಿ ಎತ್ತಿ ಆಚೆ ಎಸಿ.”

ಅವನು ಕಡ್ಡಿ ಚಾಚಿದ. ಅದು ಓಡಲಿಲ್ಲ, ಬಣ್ಣವನ್ನೂ ಬದಲಿಸಲಿಲ್ಲ. ಕಡ್ಡಿಯನ್ನು ಗಬಕ್ಕನೆ ಹಿಡಿದು ಮೈಯನ್ನೆಲ್ಲ ಝುಮ್ಮೆಂದು ಅದುರಿಸಿತು. ಆ ಅದುರು ಕಡ್ಡಿಯುದ್ದಕ್ಕೂ ಹರಿದು ಅವನ ಅಂಗೈ ತಲುಪಿತು. ಅದು ಹೆದರಿಕೆಯಲ್ಲ. ಗುಡ್ಡ ಬೋಳಿಸಿ ಬೆಂಕಿ ಹಿಡಿದು ನಿಂತ ಮನುಷ್ಯನಿಗೇ ಈ ಚೋಟುದ್ದದ ಜೀವ ಧಮಕಿ ಹಾಕುತ್ತಿತ್ತು!

“ನೀನೇ ಹಿಡ್ದು ನೋಡು,” ಎಂದ.

ಫೆನೊ ಕಡ್ಡಿ ಹಿಡಿದಳು. “ಅಬ್ಬಬ್ಬಾ, ಏನ್ ಕೊಬ್ಬೇ ನಿಂಗೆ!” ಎಂದು ಮೆಲ್ಲಗೆ ನಕ್ಕು, ಕಡ್ಡಿಯನ್ನು ಇದ್ದಲ್ಲೇ ಇಟ್ಟಳು. ಗುದ್ದಲಿ ತೆಗೆದುಕೊಂಡು, ಬೆಂಕಿ ತೊರೆಯಂಚಿನ ಆ ಜಾಗಕ್ಕೆ ದಾಟದಂತೆ ನೆಲ ಕೆರೆಯತೊಡಗಿದಳು.

“ತೊರೆ ಪಕ್ಕದ್ದೇ ಕಣೇ ಒಳ್ಳೇ ಮಣ್ಣು, ಅದನ್ನೇ ಸುಡದೆ ಬಿಡೋದಾ? ಮಳೆ ಬೇರೆ ಬರ್ತಿದೆ.”

“ಮಾತಾಡೋ ಬಾಯಿಗೆ ಮಣ್ಣು ಹಾಕ. ಬಾ, ಅಗಿ.”